ಆರು ಗಂಟೆಯ ಸೂಜಿ

ಟೀಚರ್ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬಸ್ಸಿನಲ್ಲಿ. ಉಡುಪಿಯಿಂದ ಬರುತ್ತಿದ್ದೆ. ಕಂಡಕ್ಟರ್ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. "ಸಾರ್, ನಮ್ಮ ಸಾಯನ್ಸ್ ಟೀಚರ್ ಹೋದರಂತೆ, ಗೊತ್ತುಂಟಾ? ಮೊನ್ನೆಯೇ ಇಗರ್ಜಿಯಲ್ಲಿ ಎಲ್ಲ ಮುಗಿಯಿತಂತೆ" ಎಂದು ಹೇಳಿ, ಟಿಕೆಟು ಹರಿದು ಕೊಟ್ಟು, ಹಿಂದಿನ ಸೀಟಿಗೆ ಹೋದ. ಅವನದ್ದೇನೂ ತಪ್ಪಲ್ಲ, ಬಸ್ಸು ತುಂಬಿತ್ತು. ನಾನು ಕೈಗಡಿಯಾರ ನೋಡಿಕೊಂಡೆ. ಐದು ಗಂಟೆ ದಾಟಿತ್ತು. ಅವರ ಸುದ್ದಿ ಬಂದರೆ ಗಡಿಯಾರ ನೋಡುವುದು ನನಗೆ ಅಭ್ಯಾಸವಾಗಿ ಹೋಗಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ, "ನನ್ನ ಹೆಸರಿನಲ್ಲಿ ಎಂತ ಉಂಟು ಪಂಡಿತರೇ, ಬರೆಯುವುದಾದರೆ ಬೆಕ್ಕಿನ ಬಗ್ಗೆ ಬರೆಯಿರಿ" ಎಂದು ಗದರುತ್ತಿದ್ದರು. ನಾನು ಕನ್ನಡ ಪಂಡಿತ, ಅವರು ವಿಜ್ಞಾನದ ಟೀಚರ್. ಎಪ್ಪತ್ತರ ದಶಕದಲ್ಲಿ ಕಾಪುವಿನ ಒಂದು ಹೈಸ್ಕೂಲಿನಲ್ಲಿ ಒಟ್ಟಿಗೆ ಇದ್ದೆವು. ಶಾಲೆಯಿಂದ ಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿ ಒಂದೇ ಮಾಡಿನ ಕೆಳಗೆ ಎರಡು ಬಾಡಿಗೆ ಮನೆಗಳು. ಒಂದರಲ್ಲಿ ನಾನು ಮತ್ತು ನನ್ನ ಅಮ್ಮ, ಇನ್ನೊಂದರಲ್ಲಿ ಟೀಚರ್ ಮತ್ತು ಅವರ ಬೆಕ್ಕು. ಎರಡಕ್ಕೂ ಸೇರಿ ಒಂದು ಬಾವಿ, ಎರಡು ರಾಟೆ.

ಎರಡು ರಾಟೆ ಯಾಕೆಂದರೆ ನನ್ನ ಅಮ್ಮ ಮಡಿಯ ಹೆಂಗಸು. ಟೀಚರ್ ಕಲ್ಯಾಣಪುರದ ಕೊಂಕಣಿ ಕ್ರಿಶ್ಚಿಯನ್ನರು, ಅವರ ಅಡಿಗೆಮನೆಯಲ್ಲಿ ಮೀನು ಬೇಯುತ್ತದೆ. ಅಮ್ಮನಿಗೆ ಟೀಚರ ಮೇಲೆ ಪ್ರೀತಿ ಇತ್ತು, ಬಸಳೆ ಕೊಯ್ದು ಕೊಡುತ್ತಿದ್ದಳು, ಆದರೆ ಅವರ ಮನೆಯ ನೀರು ಕೂಡ ಕುಡಿಯುತ್ತಿರಲಿಲ್ಲ. ನಾನೂ ಅಷ್ಟೇ. ನಲ್ವತ್ತು ದಾಟಿದ ಗಂಡಸು, ಪಂಪನನ್ನು ಪಾಠ ಮಾಡುವವನು, ಆದರೂ ಅಮ್ಮನಿಗೆ ಹೆದರಿ ಪಕ್ಕದ ಮನೆಯಲ್ಲಿ ಒಂದು ಲೋಟ ಚಹಾ ಕುಡಿಯಲಿಲ್ಲ. ಟೀಚರಿಗೆ ಇದೆಲ್ಲ ಗೊತ್ತಿತ್ತು. ಒಂದು ದಿನವೂ "ಕುಡಿಯಿರಿ" ಎಂದು ಒತ್ತಾಯ ಮಾಡಿ ನನ್ನನ್ನು ಪೇಚಿಗೆ ಸಿಕ್ಕಿಸಲಿಲ್ಲ. ಅವರ ಈ ಸೂಕ್ಷ್ಮ ನನಗೆ ಆಗ ಅರ್ಥವಾಗಿರಲಿಲ್ಲ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಬೆಕ್ಕು ಅವರ ತಾಯಿಯದ್ದು. ಹಳದಿ ಬಣ್ಣದ, ದಪ್ಪ ಕತ್ತಿನ, ಸೊಕ್ಕಿನ ಗಂಡು ಬೆಕ್ಕು. ತಾಯಿ ಸಕ್ಕರೆ ಕಾಯಿಲೆಯಲ್ಲಿ ಏಳೆಂಟು ವರ್ಷ ನರಳಿ ತೀರಿಹೋದಾಗ ಟೀಚರ ಪಾಲಿಗೆ ಬಂದದ್ದು ಮೂರು: ಒಂದು ಮರದ ಪೆಟ್ಟಿಗೆ, ತಾಯಿಗೆ ಸೂಜಿ ಕೊಡುತ್ತಿದ್ದ ಗಾಜಿನ ಸಿರಿಂಜು, ಮತ್ತು ಈ ಬೆಕ್ಕು. ಟೀಚರ್ ಅದನ್ನು ಮಾಜರ್ ಎನ್ನುತ್ತಿದ್ದರು, ಅಮ್ಮ ಪುಚ್ಚೆ ಎನ್ನುತ್ತಿದ್ದಳು. ಕೊಂಕಣಿಯಲ್ಲೂ ತುಳುವಿನಲ್ಲೂ ಅದು ಬೆಕ್ಕೇ. ಎರಡಕ್ಕೂ ಅದು ತಿರುಗಿ ನೋಡುತ್ತಿರಲಿಲ್ಲ.

ಬೆಕ್ಕಿಗೂ ಅದೇ ಕಾಯಿಲೆ ಎಂದು ಕಂಡುಹಿಡಿದದ್ದು ಇರುವೆಗಳು. ಬೆಕ್ಕು ಬಾವಿಕಟ್ಟೆಯ ಬಕೆಟ್ಟಿಗೆ ತಲೆ ಹಾಕಿ ಹೊತ್ತುಗೊತ್ತಿಲ್ಲದೆ ನೀರು ಕುಡಿಯತೊಡಗಿತ್ತು, ತಿಂದಷ್ಟೂ ತೆಳ್ಳಗಾಗುತ್ತಿತ್ತು. ಒಂದು ಬೆಳಿಗ್ಗೆ ಅದು ಬೂದಿಯಲ್ಲಿ ಉಚ್ಚೆ ಹೊಯ್ದ ಜಾಗಕ್ಕೆ ಇರುವೆಗಳು ಸಾಲು ಕಟ್ಟಿದ್ದವು. ಟೀಚರ್ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು. "ಅಮ್ಮನಿಗೂ ಹೀಗೇ ಇರುವೆ ಬಂದಿತ್ತು" ಎಂದರು. ಧ್ವನಿಯಲ್ಲಿ ಗಾಬರಿ ಇರಲಿಲ್ಲ. ಪುನಃ ಬಂತಲ್ಲಾ ಎಂಬ ಆಯಾಸ ಮಾತ್ರ ಇತ್ತು.

ಉಡುಪಿಯ ದನದ ಡಾಕ್ಟರ ಹತ್ತಿರ ಚೀಲದಲ್ಲಿ ಬೆಕ್ಕನ್ನು ಹಾಕಿಕೊಂಡು ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರ್ ಮೊದಲು ನಕ್ಕರು. "ಟೀಚರೇ, ಬೆಕ್ಕಿಗೆ ಇನ್ಸುಲಿನ್ ಕೊಡುವುದನ್ನು ನಾನು ಪುಸ್ತಕದಲ್ಲಿ ಓದಿದ್ದು ಮಾತ್ರ. ದಿನಕ್ಕೆ ಎರಡು ಸಲ, ಜೀವ ಇರುವವರೆಗೆ. ನಿಮ್ಮಿಂದ ಆಗುತ್ತದಾ ಮಾರಾಯ್ರೆ? ಬೇಕಾದರೆ ಒಂದೇ ಸೂಜಿಯಲ್ಲಿ ಮಲಗಿಸಿ ಬಿಡುತ್ತೇನೆ, ಅದಕ್ಕೂ ಕಷ್ಟ ಇಲ್ಲ, ನಿಮಗೂ ಇಲ್ಲ."

"ಕಷ್ಟ ನನಗೆ ಗೊತ್ತುಂಟು ಡಾಕ್ಟರೇ. ಎಷ್ಟು ಯೂನಿಟ್ ಅಂತ ಹೇಳಿ" ಎಂದರು ಟೀಚರ್.

ಡಾಕ್ಟರ್ ನಗು ನಿಲ್ಲಿಸಿ ಪುಸ್ತಕ ತೆಗೆದರು. ಎರಡು ಯೂನಿಟ್ ಎಂದರು. ಹೆಚ್ಚು ಕಡಿಮೆ ಮಾಡುವುದಿದ್ದರೆ ತನ್ನನ್ನು ಕೇಳಿಯೇ ಮಾಡಬೇಕು ಎಂದರು. ಅಂದಿನಿಂದ ಬೆಳಿಗ್ಗೆ ಆರಕ್ಕೆ ಒಂದು, ಸಂಜೆ ಆರಕ್ಕೆ ಒಂದು.

ಆರು ಎಂದರೆ ಆರು. ಐದೂಮುಕ್ಕಾಲಿಗೆ ಗೋಡೆಯಾಚೆ ಸೀಮೆಎಣ್ಣೆ ಸ್ಟವ್ವಿನ ಭುಸ್ ಎಂಬ ಸದ್ದು ಕೇಳುತ್ತಿತ್ತು, ಸಿರಿಂಜು ಕುದಿಯಲಿಕ್ಕೆ ಇಟ್ಟದ್ದು. ಮದ್ದಿನ ಬಾಟಲಿಯನ್ನು ಕುಲುಕುತ್ತಿರಲಿಲ್ಲ, ಎರಡು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುತ್ತಿದ್ದರು. ಬೆಕ್ಕನ್ನು ಅಟ್ಟಿಸಿಕೊಂಡು ಹೋದದ್ದನ್ನು ನಾನು ನೋಡಿಲ್ಲ. "ಇವತ್ತು ಹಿಡಿದು ಕೊಟ್ಟರೆ ನಾಳೆ ಅದು ಬರುವುದಿಲ್ಲ. ಅದಾಗಿಯೇ ಬರಬೇಕು" ಎನ್ನುತ್ತಿದ್ದರು. ಮೊದಲು ತಟ್ಟೆ ಇಡುವುದು. ಅದು ತಿನ್ನುವವರೆಗೆ ಸುಮ್ಮನೆ ನಿಂತು ನೋಡುವುದು. ತಿಂದು ಮುಖ ಒರೆಸಿಕೊಳ್ಳುವಾಗ ಹಿಂದಿನಿಂದ ಚರ್ಮ ಎತ್ತಿ ಕೊಟ್ಟುಬಿಡುವುದು, ಬೆಳಿಗ್ಗೆ ಬಲಗಡೆ, ಸಂಜೆ ಎಡಗಡೆ. ಬೆಕ್ಕಿಗೆ ಗೊತ್ತೇ ಆಗುತ್ತಿರಲಿಲ್ಲ.

ಫ್ರಿಜ್ಜು ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಬಾಟಲಿ ಇರುತ್ತಿದ್ದದ್ದು ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿ. ಏಪ್ರಿಲ್ ತಿಂಗಳಲ್ಲಿ ಮೀನಿನ ಲಾರಿಗೆ ಐಸು ತುಂಬುವವರ ಹತ್ತಿರ ಒಂದು ತುಂಡು ಕೇಳಿ ತರುತ್ತಿದ್ದರು. ಅದಕ್ಕೂ ಬಾಟಲಿ ತಾಗದಂತೆ ನಡುವೆ ಗೋಣಿ ಸುತ್ತುತ್ತಿದ್ದರು, ಹೆಪ್ಪುಗಟ್ಟಿದರೆ ಮದ್ದು ಹಾಳಾಗುತ್ತದೆ ಎಂದು. ಒಮ್ಮೆ ಮದ್ದಿನ ಅಂಗಡಿಯವನು ಇಮ್ಮಡಿ ಶಕ್ತಿಯ ಬಾಟಲಿ ಕೊಟ್ಟಿದ್ದ. ಬಸ್ಸು ಹತ್ತುವ ಮೊದಲು ಲೇಬಲ್ ಓದಿ ಹಿಂದಕ್ಕೆ ಹೋಗಿ ಬದಲಾಯಿಸಿದರು. "ಅದೇ ಕಂಪೆನಿಯದ್ದಲ್ವಾ ಟೀಚರ್, ಎಂತ ವ್ಯತ್ಯಾಸ?" ಎಂದು ಅವನು ಕೇಳಿದ್ದಕ್ಕೆ, "ಒಂದು ಬೆಕ್ಕಿನಷ್ಟು ವ್ಯತ್ಯಾಸ" ಎಂದರಂತೆ.

ಇನ್ನು ಪರೀಕ್ಷೆ. ಕಾಪು ಕಡಲಿನ ನುಣುಪು ಕಲ್ಲುಗಳನ್ನು ತೊಳೆದು ಒಂದು ಹಲಗೆಯ ಮರಿಗೆಯಲ್ಲಿ ಹರಡಿ ಸ್ವಲ್ಪ ಓರೆಯಾಗಿ ಇಡುತ್ತಿದ್ದರು. ಬೆಕ್ಕು ಅಲ್ಲಿ ಉಚ್ಚೆ ಹೊಯ್ದರೆ ಮೂಲೆಗೆ ಹರಿದು ಬರುತ್ತಿತ್ತು. ಅದರ ಎಂಟು ಹನಿಗಳನ್ನು ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಹಾಕಿ ಶಾಲೆಯ ಲ್ಯಾಬಿನಲ್ಲಿ ಕಾಯಿಸುವುದು. ಇಟ್ಟಿಗೆ ಬಣ್ಣ ಬಂದರೆ ಸಕ್ಕರೆ ಬಹಳ, ತೆಳು ಹಸಿರು ಬಂದರೆ ಅವರ ಮುಖವೂ ತಿಳಿಯಾಗುತ್ತಿತ್ತು. ಸಕ್ಕರೆ ಇಲ್ಲವೇ ಇಲ್ಲ ಎಂದು ನೀಲಿ ಹಾಗೆಯೇ ಉಳಿದರೆ ಸಂತೋಷಪಡಬೇಕು ಎಂದು ನಾನು ತಿಳಿದಿದ್ದೆ. "ಅಲ್ಲ ಪಂಡಿತರೇ, ನೀಲಿಗೇ ಹೆದರಬೇಕು. ಮದ್ದು ಹೆಚ್ಚಾಗಿರಬಹುದು. ಸಕ್ಕರೆ ನಿಧಾನವಾಗಿ ಕೊಲ್ಲುತ್ತದೆ, ಮದ್ದು ಒಂದು ಮಧ್ಯಾಹ್ನದಲ್ಲಿ ಕೊಲ್ಲುತ್ತದೆ" ಎಂದರು. ಹತ್ತನೆಯ ತರಗತಿಯ ಹುಡುಗಿಯರಿಗೂ ಈ ಬಣ್ಣಗಳನ್ನು ತೋರಿಸಿ ಪಾಠ ಮಾಡಿದರು. ಒಬ್ಬಳು "ಇದು ಯಾರದ್ದು ಟೀಚರ್?" ಎಂದಳಂತೆ. "ಒಬ್ಬ ರೋಗಿಯದ್ದು. ಹೆಸರು ಹೇಳಬಾರದು." ಹೆಡ್‌ಮಾಸ್ಟರಿಗೆ ಹೇಗೋ ಗೊತ್ತಾಗಿ ರಂಪವಾಯಿತು. ಆಮೇಲೆ ಮನೆಯಲ್ಲೇ ಕಾಯಿಸತೊಡಗಿದರು.

ಇದೆಲ್ಲ ಕೇಳಲಿಕ್ಕೆ ಚೆಂದ. ದಿನಾ ಮಾಡುವವರಿಗೆ ಗೊತ್ತು ಅದರ ಸುಸ್ತು. ಟೀಚರ್ ಶಾಲೆಯ ಪ್ರವಾಸಕ್ಕೆ ಬರಲಿಲ್ಲ. ಬೇರೆ ಊರಿನಲ್ಲಿ ಮುಖ್ಯೋಪಾಧ್ಯಾಯಿನಿಯ ಕೆಲಸ ಸಿಕ್ಕಿದ್ದನ್ನು ಬೇಡವೆಂದರು. ತಮ್ಮನ ಮನೆ ಕಾರ್ಕಳದಲ್ಲಿ. ಅಲ್ಲಿ ಅವನ ಮಗಳ ಮದುವೆಗೆ ಬೆಳಗಿನ ಸೂಜಿ ಕೊಟ್ಟು, ಪಡುಬಿದ್ರಿಯಲ್ಲಿ ಬಸ್ಸು ಬದಲಾಯಿಸಿ ಹೋಗಿ, ಊಟ ಬಡಿಸುವ ಮೊದಲೇ ಹಿಂದಿರುಗಿದರು. ಸಂಜೆ ಐದೂವರೆಗೆ ರೇಷ್ಮೆ ಸೀರೆಯಲ್ಲೇ ಬೆಕ್ಕಿಗೆ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಜಡೆಯಲ್ಲಿ ಶಂಕರಪುರದ ಮಲ್ಲಿಗೆ ಬಾಡಿರಲಿಲ್ಲ.

ನನಗೆ ಸಿಟ್ಟು ಬಂತು. "ಎಂತಕ್ಕೆ ಟೀಚರ್ ಇದೆಲ್ಲ? ಒಂದು ಬೆಕ್ಕಿಗೋಸ್ಕರ! ನಿಮಗೆ ಬೇಜಾರು ಬರುವುದಿಲ್ಲವಾ?"

"ಬರುತ್ತದೆ. ದಿನಾ ಬರುತ್ತದೆ" ಎಂದರು. ಮುಳ್ಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಬೇಜಾರೂ ಬರುತ್ತದೆ, ಆರು ಗಂಟೆಯೂ ಬರುತ್ತದೆ." ಇನ್ನೊಂದು ಮೀನು ಎತ್ತಿಕೊಂಡು ತಾವಾಗಿಯೇ ಹೇಳಿದರು: "ಅಮ್ಮನಿಗೆ ಒಂದು ಸೂಜಿಯೂ ತಪ್ಪಿಸಲಿಲ್ಲ ಪಂಡಿತರೇ. ಆದರೆ ಕೊನೆಯ ವರ್ಷ ನನಗೆ ಸಾಕಾಗಿತ್ತು. ಒಮ್ಮೆ ಮುಗಿದರೆ ಸಾಕು ಅಂತ ಮನಸ್ಸಿನಲ್ಲಿ ಇತ್ತು. ಮುಖ ಗಂಟು ಹಾಕಿಕೊಂಡು ಚುಚ್ಚಿದೆ. ಅಮ್ಮನಿಗೆ ಅದು ಗೊತ್ತಾಗಿತ್ತು. ಈ ಬೆಕ್ಕಿಗೆ ಅದು ಗೊತ್ತಾಗಬಾರದು, ಅಷ್ಟೇ."

ಆಮೇಲೆ ನಾನು ಆ ಪ್ರಶ್ನೆ ಕೇಳಲಿಲ್ಲ. ಬದಲಿಗೆ, ನನಗೂ ಸೂಜಿ ಕೊಡಲು ಕಲಿಸಿ, ಯಾವಾಗಲಾದರೂ ಬೇಕಾದೀತು ಎಂದೆ. ಎರಡು ವಾರ ಬರೀ ನೀರು ತುಂಬಿಸಿ ಮಟ್ಟುಗುಳ್ಳದ ಬದನೆಗೆ ಚುಚ್ಚಿಸಿದರು. ಚುಚ್ಚಿದ ಬದನೆಯನ್ನು ಅಮ್ಮ ಹುಳಿ ಮಾಡಲು ಒಪ್ಪಲಿಲ್ಲ. ಸ್ಟಾಫ್‌ರೂಮಿನಲ್ಲಿ "ಪಂಡಿತರು ದಿನಾ ಸಂಜೆ ಆರಕ್ಕೆ ಟೀಚರ ಮನೆಗೆ ಹೋಗುತ್ತಾರಂತೆ" ಎಂದು ಸುದ್ದಿಯಾಯಿತು. "ಬೆಕ್ಕಿಗೆ ಸೂಜಿ ಕೊಡಲಿಕ್ಕೆ ಮಾರಾಯ್ರೆ" ಎಂದರೆ ಒಬ್ಬನೂ ನಂಬಲಿಲ್ಲ.

ಬೇಕಾಗಿ ಬಂದದ್ದು ಆಷಾಢದಲ್ಲಿ. ಟೀಚರ ತಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ತಂದಿದ್ದರು, ಹೊಟ್ಟೆಯ ಆಪರೇಶನ್. ಎರಡು ರಾತ್ರಿ ಅಲ್ಲಿರಬೇಕಿತ್ತು. ಮಳೆಗೆ ದೋಣಿ ಇಳಿಯುತ್ತಿರಲಿಲ್ಲ, ಹಸಿ ಮೀನು ಇಲ್ಲ. ಒಣಮೀನಿನ ಪುಡಿಯ ಡಬ್ಬಿ ಇಟ್ಟು, "ಅಮ್ಮಾ, ಎರಡು ಹೊತ್ತು ಒಂದು ಹಿಡಿ ಅನ್ನ ಕೊಟ್ಟರೆ ಸಾಕು. ಪಂಡಿತರು ಕಲಸಿ ಇಡುತ್ತಾರೆ" ಎಂದು ಅಮ್ಮನಿಗೆ ಹೇಳಿದರು. ಅಮ್ಮನಿಗೆ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದರು: ತಿಂದ ಮೇಲೆ ಸೂಜಿ. ತಿನ್ನದಿದ್ದರೆ ಸೂಜಿ ಬೇಡ. ಸಂಶಯ ಬಂದರೂ ಬೇಡ. ಕಾಲು ಓಲಾಡಿದರೆ ಒಸಡಿಗೆ ಜೇನು ಹಚ್ಚಿ, ಬಾಯಿಗೆ ಹೊಯ್ಯಬೇಡಿ. ಎದ್ದ ಮೇಲೆ ಅನ್ನ ಕೊಡಿ.

ಮೊದಲ ದಿನ ಸರಿಹೋಯಿತು. ಎರಡನೆಯ ದಿನ ಏಕಾದಶಿ.

ಏಕಾದಶಿಯ ದಿನ ನಮ್ಮ ಮನೆಯಲ್ಲಿ ಅನ್ನ ಬೇಯುವುದಿಲ್ಲ. ಇದು ನನಗೂ ಗೊತ್ತು, ಅಮ್ಮನಿಗೂ ಗೊತ್ತು, ಆದರೆ ಬೆಕ್ಕಿನ ಜೊತೆ ಸೇರಿಸಿ ಇಬ್ಬರೂ ಯೋಚಿಸಲಿಲ್ಲ. ಟೀಚರಿಗೆ ನಮ್ಮ ಏಕಾದಶಿಯ ಲೆಕ್ಕ ಹೇಗೆ ಗೊತ್ತಿರಬೇಕು? ಅಮ್ಮ ಪಾಪ, ಬೆಕ್ಕಿಗೆ ಉಪವಾಸ ಬೇಡವೆಂದು ಅವಲಕ್ಕಿಯನ್ನು ಹಾಲಿನಲ್ಲಿ ನೆನೆಸಿ ತಟ್ಟೆಗೆ ಹಾಕಿ ಹೊಸ್ತಿಲಲ್ಲಿ ದೂರದಿಂದ ಸರಿಸಿದ್ದಳು. ನನಗೆ ಉಡುಪಿಯಲ್ಲಿ ಪಂಡಿತರ ಮೀಟಿಂಗು, ಮೊದಲ ಬಸ್ಸಿಗೆ ಓಡಬೇಕು. ಬಚ್ಚಲಿನಿಂದಲೇ ಕೂಗಿದೆ: "ಅಮ್ಮಾ, ಪುಚ್ಚೆಗೆ ಕೊಟ್ಟಾಯಿತಾ?" "ಆಯಿತು" ಎಂದಳು. ನಾನು ಹೋಗಿ ಬೆಕ್ಕಿನ ಬೆನ್ನಿನ ಚರ್ಮ ಎತ್ತಿ ಎರಡು ಯೂನಿಟ್ ಚುಚ್ಚಿ, ಕೊಡೆ ಹಿಡಿದು ಓಡಿದೆ. ತಟ್ಟೆಯ ಕಡೆ ನೋಡಲಿಲ್ಲ. ಅಷ್ಟು ದಿನ ಟೀಚರ್ ನಿಂತು ನೋಡಿದ್ದನ್ನು ನಾನು ನಿಂತು ನೋಡಿದ್ದೆ, ಆದರೂ ನೋಡಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹಿಂದಿರುಗಿದಾಗ ನಮ್ಮ ಅಡಿಗೆಮನೆಯಿಂದ ಅನ್ನದ ವಾಸನೆ ಬರುತ್ತಿತ್ತು. ಏಕಾದಶಿಯ ದಿನ! ಅಮ್ಮ ತಲೆಗೂದಲು ಒದ್ದೆಯಾಗಿ, ಟೀಚರ ಮನೆಯ ಮೆಟ್ಟಿಲಲ್ಲಿ ಕುಳಿತಿದ್ದಳು. ತೊಡೆಯ ಪಕ್ಕದಲ್ಲಿ ಗೋಣಿಯ ಮೇಲೆ ಬೆಕ್ಕು.

ನಡೆದದ್ದು ಇಷ್ಟು. ಹನ್ನೊಂದರ ಹೊತ್ತಿಗೆ ಅಮ್ಮ ಬಟ್ಟೆ ಒಣಗಿಸಲು ಬಂದಾಗ ಬೆಕ್ಕು ಕುಡಿದವರ ಹಾಗೆ ನಡೆಯುತ್ತಿತ್ತು. ಅವಲಕ್ಕಿ ತಟ್ಟೆಯಲ್ಲಿ ಹಾಗೆಯೇ ಇತ್ತು. ನೋಡನೋಡುತ್ತಿದ್ದಂತೆ ಬಿದ್ದು ಕಾಲು ಸೆಳೆಯತೊಡಗಿತು. ಅಮ್ಮ ಬಾಗಿಲಿನ ಚೀಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳಂತೆ. ಮನೆಯಲ್ಲಿದ್ದ ಜೇನು ದೇವರ ಪಂಚಾಮೃತಕ್ಕೆ ಎತ್ತಿಟ್ಟದ್ದು. ಮಡಿಯಲ್ಲಿದ್ದವಳು ಅದನ್ನೇ ತಂದು, ಮೀನು ತಿನ್ನುವ ಬಾಯಿಯನ್ನು ಬೆರಳಿನಿಂದ ಸರಿಸಿ, ಒಸಡಿಗೆ ಹಚ್ಚಿದಳು. ಮತ್ತೆ ಹಚ್ಚಿದಳು. ಸುಮಾರು ಹೊತ್ತಿನ ಮೇಲೆ ಬೆಕ್ಕು ತಲೆ ಎತ್ತಿದಾಗ, ಎದ್ದ ಮೇಲೆ ಅನ್ನ ಎಂದು ಬರೆದದ್ದು ನೆನಪಾಗಿ ಒಲೆ ಹೊತ್ತಿಸಿದಳು. ಐವತ್ತು ವರ್ಷ ಏಕಾದಶಿಯಂದು ಅಕ್ಕಿ ಮುಟ್ಟದವಳು ಒಂದು ಹಿಡಿ ಅಕ್ಕಿ ಬೇಯಿಸಿ, ಒಣಮೀನಿನ ಪುಡಿಯನ್ನು ತನ್ನ ಕೈಯಿಂದಲೇ ಕಲಸಿ ತಿನ್ನಿಸಿದಳು. ಆಮೇಲೆ ತಲೆಗೆ ನೀರು ಹೊಯ್ದುಕೊಂಡಳು.

"ಸಂಜೆ ಸೂಜಿ ಮುಟ್ಟಬೇಡ" ಎಂದಳು ನನಗೆ. "ಸಂಶಯ ಇದ್ದರೆ ಬೇಡ ಅಂತ ಬರೆದಿದ್ದಾರೆ."

ಮರುದಿನ ಬೆಳಿಗ್ಗೆ ಟೀಚರ್ ಬಂದರು. ಎರಡು ರಾತ್ರಿ ನಿದ್ದೆಯಿಲ್ಲದ ಕಣ್ಣು, ಕೆಸರಾದ ಸೀರೆಯ ಅಂಚು. ಬೆಕ್ಕು ಸೊಕ್ಕಿನಿಂದಲೇ ಓಡಾಡುತ್ತಿತ್ತು. ಹೇಳದೆ ಇದ್ದುಬಿಟ್ಟರೆ ಗೊತ್ತಾಗುತ್ತಿರಲಿಲ್ಲ. ಹೇಳದೆ ಇರೋಣವೆಂದೇ ನನಗೆ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಆದರೆ ಅಮ್ಮ ಬಾವಿಕಟ್ಟೆಯಿಂದ ನನ್ನನ್ನೇ ನೋಡುತ್ತಿದ್ದಳು. ಎಲ್ಲ ಹೇಳಿದೆ.

"ಅಮ್ಮನ ಹತ್ತಿರ ಎಂತ ಅಂತ ಕೇಳಿದಿರಿ?" ಎಂದರು ಟೀಚರ್.

"ಕೊಟ್ಟಾಯಿತಾ ಅಂತ."

"ತಿಂದಿತಾ ಅಂತ ಕೇಳಬೇಕಿತ್ತು" ಎಂದರು. ಬೈಗುಳವಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ನಲ್ವತ್ತು ದಾಟಿದವನಿಗೆ. ಇನ್ನು ನಾನು ಆ ಸಿರಿಂಜು ಮುಟ್ಟುವುದಿಲ್ಲ ಟೀಚರ್, ನನ್ನಿಂದಾಗದು ಎಂದೆ.

"ಅದು ಆಗುವುದಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ನೀವೇ ಕೊಡಬೇಕು. ಈಗ ಕೈಬಿಟ್ಟರೆ ನೀವು ಯಾವತ್ತೂ ಕೊಡುವುದಿಲ್ಲ. ನನಗೆ ಒಬ್ಬರು ಬೇಕು ಪಂಡಿತರೇ. ನನಗೆ ಸುಸ್ತಾಗಿದೆ." ಅಮ್ಮನ ಕಡೆಗೆ ತಿರುಗಿ ಕೈ ಮುಗಿದರು. ಅಮ್ಮ "ಎಂತದ್ದು ಅದು, ಬಿಡಿ" ಎಂದು ಕೊಡಪಾನ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಆರಕ್ಕೆ ಹೋದೆ. ಬೆಕ್ಕು ತಟ್ಟೆ ನೆಕ್ಕಿ ಮುಗಿಸುವವರೆಗೆ ನಿಂತು ನೋಡಿದೆ, ಆಮೇಲೆ ಕೊಟ್ಟೆ. ಅಂದಿನಿಂದ ಬೆಳಗಿನದ್ದು ನನ್ನದು, ಸಂಜೆಯದ್ದು ಅವರದ್ದು. ಅವರು ಆರೂವರೆಯವರೆಗೆ ಮಲಗತೊಡಗಿದರು. ಎಷ್ಟು ವರ್ಷಗಳ ನಿದ್ದೆಯೋ, ಸದ್ದಿಲ್ಲದೆ ಮಲಗುತ್ತಿದ್ದರು. ನಾನು ಸ್ಟವ್ವನ್ನು ಹಿತ್ತಿಲಿನ ಜಗಲಿಗೆ ತಂದು ಹೊತ್ತಿಸುತ್ತಿದ್ದೆ, ಅವರಿಗೆ ಎಚ್ಚರವಾಗಬಾರದೆಂದು. ಹೀಗೆ ಮೂರು ವರ್ಷ ನಡೆಯಿತು. ಅಮ್ಮನ ಪಂಚಾಂಗದಲ್ಲಿ ಏಕಾದಶಿಗಳ ಪಕ್ಕ ಟೀಚರ್ ಪೆನ್ಸಿಲಿನಿಂದ ಒಂದು ಬೆಕ್ಕಿನ ಕಿವಿ ಬರೆದಿಡುತ್ತಿದ್ದರು.

ಬೆಕ್ಕು ಮುದಿಯಾಯಿತು. ಮೂತ್ರಪಿಂಡ ಸೋತಿದೆ ಎಂದರು ಡಾಕ್ಟರ್. ಕೊನೆಗೆ ಎರಡು ದಿನ ತಟ್ಟೆಯ ಹತ್ತಿರವೂ ಬರಲಿಲ್ಲ. ಟೀಚರ್ ಬೂತಾಯಿ ಮೀನಿನ ಸಾರನ್ನು ಬೆರಳಿಗೆ ಹಚ್ಚಿ ಮೂಗಿನ ಬಳಿ ಹಿಡಿದರು, ಅದು ಮುಖ ತಿರುಗಿಸಿತು. "ಇನ್ನು ಸೂಜಿಯಿಂದ ಅದನ್ನು ಪೀಡಿಸಬೇಡಿ" ಎಂದರು ಡಾಕ್ಟರ್. ಮಧ್ಯಾಹ್ನ ಬಿಸಿಲು ಬೀಳುವ ಮೆಟ್ಟಿಲಲ್ಲಿ ಮಲಗಿದ್ದ ಹಾಗೆಯೇ ಹೋಯಿತು. ಪೇರಳೆ ಮರದ ಬುಡದಲ್ಲಿ ನಾನೇ ಗುಂಡಿ ತೋಡಿದೆ. ಟೀಚರ್ ಅಳಲಿಲ್ಲ. "ಮುಖ ಗಂಟು ಹಾಕಲಿಲ್ಲ ಅಲ್ವಾ ನಾನು?" ಎಂದು ಮಾತ್ರ ಕೇಳಿದರು. ಇಲ್ಲ ಟೀಚರ್ ಎಂದೆ. ಅದು ನಿಜ.

ಮರುದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಕಾಲು ತನ್ನಷ್ಟಕ್ಕೆ ಆ ಮನೆಗೆ ನಡೆಯಿತು. ಬಾಗಿಲು ತೆರೆದೇ ಇತ್ತು. ಟೀಚರ್ ಎದ್ದಿದ್ದರು. ಸ್ಟವ್ವು ಭುಸ್ ಎನ್ನುತ್ತಿತ್ತು, ಪಾತ್ರೆಯಲ್ಲಿ ಸಿರಿಂಜು ಕುದಿಯುತ್ತಿತ್ತು. ಇಬ್ಬರೂ ಅದನ್ನು ನೋಡಿದೆವು.

"ನೋಡಿ ಪಂಡಿತರೇ, ನನಗೆ ಬುದ್ಧಿ ಉಂಟಾ?" ಎಂದು ಸ್ಟವ್ವು ಆರಿಸಿದರು. ನಾನು ಹೊರಡಲು ತಿರುಗಿದೆ.

"ನಿಮ್ಮ ತಿಂಡಿ?"

"ಆಯಿತು ಟೀಚರ್." ನಮ್ಮ ಕಡೆ ಯಾರು ಕೇಳಿದರೂ ಹಾಗೆಯೇ ಹೇಳುವುದು, ಹೊಟ್ಟೆಯಲ್ಲಿ ಏನಿಲ್ಲದಿದ್ದರೂ.

"ಆಯಿತಾ ಅಂತ ಅಲ್ಲ. ತಿಂದಿರಾ?"

"ಇಲ್ಲ" ಎಂದೆ. ಹಿಂದಿನ ದಿನದಿಂದ ಏನೂ ಇಳಿದಿರಲಿಲ್ಲ.

ಅವರು ಬಟ್ಟಲಿನಲ್ಲಿ ಗಂಜಿ ಹಾಕಿ, ಒಂದು ಮಿಡಿ ಉಪ್ಪಿನಕಾಯಿ ಇಟ್ಟು ಮಣೆಯ ಮುಂದೆ ಸರಿಸಿದರು. ಕುಳಿತೆ. ಏಳು ವರ್ಷ ಪಕ್ಕದ ಮನೆಯಲ್ಲಿದ್ದು ನಾನು ಅವರ ಕೈಯಿಂದ ಉಂಡದ್ದು ಅದೇ ಮೊದಲು. ಟೀಚರ್ ಗೋಡೆಗೆ ಒರಗಿ, ಕೈಕಟ್ಟಿ, ಕೊನೆಯ ಗುಟುಕಿನವರೆಗೆ ಸುಮ್ಮನೆ ನಿಂತು ನೋಡಿದರು. "ಇನ್ನು ಹೋಗಿ, ಶಾಲೆಗೆ ಹೊತ್ತಾಯಿತು" ಎಂದರು. ಅಮ್ಮನಿಗೆ ನಾನೇ ಹೇಳಿದೆ. ಅವಳು ಬತ್ತಿ ಹೊಸೆಯುತ್ತಾ, "ಒಳ್ಳೆಯದಾಯಿತು. ಅವರೂ ಉಂಡರಾ?" ಎಂದಳು. ಅದನ್ನು ಕೇಳಲು ನಾನು ಮರೆತಿದ್ದೆ.

ಟೀಚರ್ ನಿವೃತ್ತರಾಗಿ ಕಾರ್ಕಳಕ್ಕೆ ಹೋದರು, ಅಮ್ಮ ತೀರಿಕೊಂಡಳು, ನಾನು ಇಲ್ಲೇ ಉಳಿದೆ. ಮೊನ್ನೆ ಬಸ್ಸಿನಿಂದ ಇಳಿದು ಮನೆಗೆ ಬಂದಾಗ ಸಂಜೆ ಆರು. ಹಸಿವಿರಲಿಲ್ಲ. ಬೆಳಗಿನ ಗಂಜಿ ಪಾತ್ರೆಯಲ್ಲಿ ಇತ್ತು. ಬಡಿಸಿಕೊಂಡು ಕುಳಿತೆ, ಕೊನೆಯ ಗುಟುಕಿನವರೆಗೆ ಏಳಲಿಲ್ಲ.

ತಿಂದೆ ಟೀಚರ್.